ಬಾವಿಯ ಮುಚ್ಚಳ ತೆರೆದ ಬೆಳಗು

ಚಳಿ ಮುಗಿಯುತ್ತ ಬಂದಿದ್ದರೂ ಬೆಳಗಿನ ಮಂಜು ಇನ್ನೂ ಹಟ್ಟಿಯ ಮಾಡಿನ ಮೇಲೇ ಕೂತಿದೆ. ಸ್ಟವ್ ಮೇಲೆ ಒಂದು ಲೀಟರ್ ಬಾವಿನೀರು ಬತ್ತಿ, ಉಕ್ಕಿನ ತಟ್ಟೆಯಲ್ಲಿ ಬಿಳಿ ಚಕ್ಕೆ ಮಾತ್ರ ಉಳಿದಿದೆ. ಎಂಬತ್ತಮೂರರ ಈ ವಿಜ್ಞಾನಿ ಅದನ್ನು ಅಳೆಯುವ ಯಂತ್ರದ ಕೆಳಗಿಡುತ್ತಾರೆ. ವಿಕಿರಣ ಎಷ್ಟಿದೆಯೋ ಅಷ್ಟು ಸಲ ಅದು ಟಿಕ್ಕೆನ್ನುತ್ತದೆ. ಊರವರಿಗೆ ಇವರು ಟಿಕ್‌ಟಿಕ್ ತಾತ.

ನಲವತ್ತೊಂಬತ್ತು ವರ್ಷದ ಹಿಂದೆ ಗುಡ್ಡದಾಚೆ ಸಿಡಿಸಿದ ಅಣುಬಾಂಬಿನ ಲೆಕ್ಕ ಹಾಕಿದವರಲ್ಲಿ ಇವರೂ ಒಬ್ಬರು. ಅಂದು ಗಾಳಿ ತಿರುಗಿ, ಬೂದಿ ಈ ಊರಿನ ಮೇಲೆ ಬಿತ್ತು. ಬಾವಿಗೆ ಬೀಗ ಬಿತ್ತು. "ಶಕ್ತಿ ಎಷ್ಟು ಅಂತ ಮೂರು ದಶಮಾಂಶದವರೆಗೆ ಹೇಳಿದ್ದೆ. ಕೆಳಗೆ ಯಾರ ಮನೆ ಇದೆ ಅಂತ ಕೇಳಲೇ ಇಲ್ಲ," ಎಂದು ಇದನ್ನು ಬರೆಯಲು ಬಂದ ನನಗೆ ಹೇಳುತ್ತಾರೆ.

ನಿವೃತ್ತರಾದ ಮೇಲೆ ಇಲ್ಲೇ ಬಾಡಿಗೆಗಿದ್ದಾರೆ. ವಾರಕ್ಕೊಮ್ಮೆ ಮುಚ್ಚಳದ ತೂತಿನಿಂದ ಸೀಸೆ ಇಳಿಸುತ್ತಾರೆ. ಇಪ್ಪತ್ತೆರಡು ವರ್ಷದಲ್ಲಿ ಸಾವಿರದ ನೂರು ತಟ್ಟೆ ದಾಟಿದೆ. ಸತತ ಮೂರು ವಾರ ಖಾಲಿ ತಟ್ಟೆಯಷ್ಟೇ ಎಣಿಕೆ ಬಂದರೆ ಬೀಗ ತೆಗೆಯಬಹುದೆಂದು ನೀರಿನ ಕಚೇರಿ ಕೀಲಿ ಕೊಟ್ಟಿದೆ. ಎರಡು ವಾರ ಗೆದ್ದಾಗಿದೆ. ಇಂದು ಮೂರನೆಯದು.

ಖಾಲಿ ತಟ್ಟೆಗೆ, ನೆಲ-ಗಾಳಿಯ ಸಹಜ ವಿಕಿರಣದಿಂದ, ಹತ್ತು ನಿಮಿಷಕ್ಕೆ ಇನ್ನೂರು; ಹತ್ತು ಹೆಚ್ಚುಕಮ್ಮಿ ನಡೆಯುತ್ತದೆ. ಅದನ್ನು ಎಣಿಸಿ ಮುಗಿಸುವಷ್ಟರಲ್ಲಿ ಗೋಡೆ ಗಡಿಯಾರ ನಿಂತಿದ್ದರಿಂದ, ಟ್ರಂಕಿನಲ್ಲಿದ್ದ ಹಳೆಯ ಕೈಗಡಿಯಾರವನ್ನು ಯಂತ್ರದ ಪಕ್ಕ ಇಟ್ಟುಕೊಂಡಿದ್ದಾರೆ. ಬಾವಿಯ ತಟ್ಟೆಗೆ ನಾನೂರ ಹನ್ನೆರಡು! ತಾತನ ಮುಖ ಸುಣ್ಣವಾಗುತ್ತದೆ.

ಬಾವಿ ತೋಡಿಸಿದವನ ಮಗಳು ಹಾಲಿನಕ್ಕ ಬಾಗಿಲಿಗೊರಗಿ ನೋಡುತ್ತಿದ್ದಾಳೆ. ಕರೆಂಟ್ ಹೋದಾಗ ಆ ಗಡಿಯಾರದ ಅಂಕಿಗಳು ಹಸಿರಾಗಿ ಹೊಳೆದದ್ದನ್ನು ಅವಳು ಒಮ್ಮೆ ಕಂಡಿದ್ದಾಳೆ.

"ತಾತಾ, ಅದರ ಬಣ್ಣಕ್ಕೂ ನಿಮ್ಮ ಬಾಂಬಿನ ರೋಗವೇ ಇರಬಹುದಾ?"

ತಾತ ಹಣೆ ಚಚ್ಚಿಕೊಳ್ಳುತ್ತಾರೆ. ರೇಡಿಯಂ ಬಣ್ಣ! ಯಂತ್ರ ಎಣಿಸಿದ್ದು ಅದರ ವಿಕಿರಣವನ್ನೂ ಸೇರಿಸಿ. ದೀಪದ ಬುಡದಲ್ಲೇ ಕತ್ತಲು ಅಂದ್ರೆ ಇದೇ ನೋಡಿ ಎಂದು ಹಾಲಿನಕ್ಕ ನನ್ನ ಕಡೆ ತಿರುಗಿ ನಗುತ್ತಾಳೆ. ಗಡಿಯಾರ ಹಿತ್ತಲು ಸೇರುತ್ತದೆ. ನನ್ನ ಮೊಬೈಲಿನಲ್ಲಿ ಮತ್ತೆ ಹತ್ತು ನಿಮಿಷ. ಮೂವರೂ ಎಣಿಸುತ್ತೇವೆ.

ಇನ್ನೂರ ಮೂರು.

ಸುದ್ದಿ ಹಬ್ಬಿ, ಹಲ್ಲುಜ್ಜುತ್ತಿದ್ದವರೂ ಕೊಡ ಹಿಡಿದು ಓಡಿಬರುತ್ತಾರೆ. ತುಕ್ಕು ಹಿಡಿದ ಬೀಗ ಕಿರುಗುಟ್ಟಿ ಬಿಡುತ್ತದೆ. ಮೊದಲ ಕೊಡ ಸೇದುವ ಹಕ್ಕು ತನ್ನದಲ್ಲವೆಂದು ತಾತ ದೂರ ನಿಲ್ಲುತ್ತಾರೆ. ಹಾಲಿನಕ್ಕನ ಅಪ್ಪ ಸಾಯುವವರೆಗೂ ಇವರೊಡನೆ ಮಾತಾಡಿರಲಿಲ್ಲ.

ಅವಳು ಹಗ್ಗವನ್ನು ಅವರ ಕೈಗಿಡುತ್ತಾಳೆ. "ಅಪ್ಪ ಇದ್ದಿದ್ರೆ ಕೊಡ್ತಿರಲಿಲ್ಲ. ಅವನ ಸಿಟ್ಟಿನ ಬಾಕಿ ಹಾಗೇ ಇರಲಿ ತಾತ. ನನ್ನ ಪಾಲಿನ ಕೊಡ ನೀವೇ ಸೇದಿ."