ಗೋಡೆಗೊಂದು ಕಾಜಾ

ಟೈಲರಮ್ಮನನ್ನು ನಾನು ಮೊದಲು ನೋಡಿದ್ದು ಒಂದು ಕಪ್ಪು ಪ್ಯಾಂಟಿನ ನೆಪದಲ್ಲಿ. ಮಾವನ ಪ್ಯಾಂಟು, ನನಗೆ ಒಂದು ಗೇಣು ಉದ್ದ. ಮರುದಿನ ನನ್ನ ಮೊದಲ ಸಂದರ್ಶನ. ಅವರ ಮನೆಯ ಮುಂದಿನ ಕೋಣೆಯ ತುಂಬ ನಾದಿನಿಯ ಪುಸ್ತಕ, ಪೆನ್ನಿನ ಅಂಗಡಿ. ಅದನ್ನು ದಾಟಿ ಹೋದರೆ ಕಿಟಕಿಯೇ ಇಲ್ಲದ ಹೊಲಿಗೆ ಕೋಣೆ. ಮಿಷನ್ನಿನ ಮೇಲೆ ಒಂದು ಬಲ್ಬು ತೂಗುತ್ತಿತ್ತು. ಅವರು ದಾರದ ತುದಿಯನ್ನು ನಾಲಿಗೆಗೆ ತಾಗಿಸಿ, ಸೂಜಿಯನ್ನು ಬಲ್ಬಿಗೆ ಹಿಡಿದು ಮೂರು ಸಲ ಗುರಿ ತಪ್ಪಿದರು. ಆಮೇಲೆ ನನ್ನತ್ತ ನೋಡದೆಯೇ ಎರಡನ್ನೂ ಚಾಚಿದರು.

"ಪೋಣಿಸ್ಕೊಡಪ್ಪ."

ಅಂಗಡಿಯಿಂದ ನಾದಿನಿ ಕೂಗಿದರು: "ಅತ್ತಿಗೇ, ಗಿರಾಕಿ ಕೈಲೇ ದುಡಿಸ್ಕೊಂಡ್ರೆ ಕೂಲಿ ನೀವೇ ಕೊಡ್ಬೇಕಾಗುತ್ತೆ!"

"ನೀನು ನಿನ್ನ ರಬ್ಬರ್ ಮಾರ್ಕೋ, ಸಾಕು."

ಸಂಜೆ ಪ್ಯಾಂಟು ಸಿಕ್ಕಿತು. ಹೊಸ್ತಿಲಿನವರೆಗೆ ಬಂದ ಅವರೇ ಬಿಸಿಲಿನಲ್ಲಿ ಅದನ್ನು ನೋಡಿ ತಡೆದರು. ಕಪ್ಪು ಬಟ್ಟೆಯ ಅಂಚಿಗೆ ನೀಲಿ ದಾರ ಬಿದ್ದಿತ್ತು. ಅಲ್ಲೇ ಮೆಟ್ಟಿಲ ಮೇಲೆ ಕೂತು ಹೊಲಿಗೆ ಬಿಚ್ಚಿದರು.

"ಮೂವತ್ತು ವರ್ಷದಲ್ಲಿ ಹೀಗಾಗಿರ್ಲಿಲ್ಲ. ಬಲ್ಬಿನ ಕೆಳಗೆ ಕಪ್ಪೂ ನೀಲೀನೂ ಅಕ್ಕತಂಗೀರ ಥರ ಕಾಣ್ತವೆ. ಇನ್ನೊಂದು ಬಟ್ಟೆ ಹೀಗಾದ್ರೆ ಮಿಷನ್‌ಗೆ ಮುಸುಕು ಹಾಕ್ಬಿಡ್ತೀನಿ."

ಅವರು ತಮಾಷೆಗೆ ಹೇಳಿದ್ದಲ್ಲ ಎಂಬುದು ಆ ಮುಖ ನೋಡಿದರೆ ತಿಳಿಯುತ್ತಿತ್ತು.

ನನಗೆ ಕೆಲಸ ಸಿಕ್ಕಿತು, ಅದೇ ಬೀದಿಯಲ್ಲಿ ಬಾಡಿಗೆ ಕೋಣೆಯೂ ಸಿಕ್ಕಿತು. ಅಷ್ಟರಲ್ಲಿ ಟೈಲರಮ್ಮ ಪೂರ್ವದ ಗೋಡೆಗೆ ಕಿಟಕಿ ಇಡಿಸಲು ನಿಶ್ಚಯಿಸಿದ್ದರು. ಮಿಷನ್ನಿನ ಮುಂದೆ ಸ್ಟೂಲಿನ ಮೇಲೆ ಕೂತೇ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಗೋಡೆಯ ಮೇಲೆ ಒಂದು ಚೌಕ ಬರೆದರು.

ಮೇಸ್ತ್ರಿ ಬಂದು ಗೋಡೆಯನ್ನು ಬೆರಳಿನಿಂದ ಕುಟ್ಟಿ ನೋಡಿದ. "ಇಷ್ಟೇನಾ? ಬೆಳಿಗ್ಗೆ ಒಡೀತೀನಿ, ಸಂಜೆಗೆ ಚೌಕಟ್ಟು ಕೂರಿಸ್ತೀನಿ. ಆದ್ರೂ ಅಕ್ಕಾ, ಇದು ತೀರಾ ಕೆಳಗಾಯ್ತು. ಕಿಟಕಿ ಅಂದ್ರೆ ನಿಂತು ನೋಡೋಕೆ."

"ನಿಂತು ನೋಡೋಕೆ ಬಾಗಿಲಿದೆ. ಇದು ಕೂತು ಹೊಲಿಯೋಕೆ."

ಅದು ಇಟ್ಟಿಗೆ ಗೋಡೆ ಎಂದು ಅವನು ತಿಳಿದಿದ್ದ. ಗಾರೆ ಕಿತ್ತಾಗ ಕಂಡದ್ದು ಕಲ್ಲು. ಒಳಗೊಂದು ಸಾಲು, ಹೊರಗೊಂದು ಸಾಲು, ನಡುವೆ ಬರೀ ಮಣ್ಣು ಮತ್ತು ಜಲ್ಲಿ. ಒಂದು ಕಲ್ಲು ತೆಗೆದರೆ, ಹರಿದ ಚೀಲದಿಂದ ಕಾಳು ಸುರಿದಂತೆ ಮಣ್ಣು ಸುರಿಯಿತು. ಅದರ ಹಿಂದೆಯೇ ಮೇಲಿನ ಎರಡು ಕಲ್ಲು ಜಾರಿದವು. ಸಂಜೆಯ ಹೊತ್ತಿಗೆ ಚೌಕ ಮಾಯವಾಗಿ, ಕುಂಬಳಕಾಯಿಯ ಆಕಾರದ ದೊಡ್ಡ ಬಿಲವಾಗಿತ್ತು. ಮೇಸ್ತ್ರಿ ಎರಡು ಮರದ ಕಂಬಗಳನ್ನು ಆನಿಸಿ ನಿಲ್ಲಿಸಿದ. "ಯೋಚನೆ ಮಾಡ್ಕೊಂಡು ಬರ್ತೀನಿ" ಎಂದು ಹೋದವನು ಹನ್ನೊಂದು ದಿನ ಈ ಕಡೆ ತಲೆ ಹಾಕಲಿಲ್ಲ.

ನಾದಿನಿ ಬಿಲಕ್ಕೆ ಹಳೆಯ ಬಿಳಿ ಹೊದಿಕೆಯೊಂದನ್ನು ಇಳಿಬಿಟ್ಟರು. ನಾನು ಆ ದಿನಗಳಲ್ಲಿ ಹೋದಾಗಲೆಲ್ಲ ಟೈಲರಮ್ಮ ಕೈ ಕಟ್ಟಿಕೊಂಡು ಅದನ್ನೇ ನೋಡುತ್ತಿದ್ದರು. ಗಾಳಿಗೆ ಬಟ್ಟೆ ಉಬ್ಬುತ್ತಿತ್ತು, ಇಳಿಯುತ್ತಿತ್ತು; ಗೋಡೆಯೇ ಉಸಿರಾಡುತ್ತಿದೆಯೇನೋ ಅನಿಸುತ್ತಿತ್ತು. ನೇಯ್ಗೆಯ ಸಂದಿನಿಂದ ಸೋಸಿ ಬಂದ ಬೆಳಕಿನಲ್ಲಿ ಮಣ್ಣಿನ ಧೂಳು ತೇಲಿ ಮಿಷನ್ನಿನ ಮೇಲೆ ನಿಧಾನವಾಗಿ ಇಳಿಯುತ್ತಿತ್ತು. ಒಂದು ಮಧ್ಯಾಹ್ನ ಅವರು, ಯಾರಿಗೂ ಅಲ್ಲವೆಂಬಂತೆ, "ಎಳೆ ಬಿಡ್ತಿದೆ, ಅಷ್ಟೇ" ಎಂದರು.

ಮರುದಿನ ನಾದಿನಿ ಮೇಸ್ತ್ರಿಯನ್ನು ಅವನ ಬೇರೆ ಕೆಲಸದಿಂದಲೇ ಎಳೆದು ತಂದರು. "ಹನ್ನೊಂದು ದಿನ ಯೋಚನೆ ಮಾಡಿದ್ಯಲ್ಲ, ಏನು ಹೊಳೀತು?"

ಅವನು ತಲೆ ಕೆರೆದುಕೊಂಡ.

ಟೈಲರಮ್ಮ ಅವನ ಮುಂದೆ ಎಳೆ ಬಿಡುವ ಒರಟು ಬಟ್ಟೆಯ ಎರಡು ತುಂಡು ಹಿಡಿದರು. ಒಂದಕ್ಕೆ ಕತ್ತರಿ ಹಾಕಿ ಎಳೆದರು, ರಂಧ್ರ ಜೂಲುಜೂಲಾಯಿತು. ಇನ್ನೊಂದರಲ್ಲಿ ಮೊದಲು ಸುತ್ತ ಒತ್ತಾಗಿ ಹೊಲಿದು, ಆಮೇಲೆ ನಡುವೆ ಸೀಳಿದರು. ಗುಂಡಿ ತೂರಿಸುವ ಕಾಜಾ ಅದು. ಎಳೆದರೂ ಜಗ್ಗಲಿಲ್ಲ.

"ನೀನು ಮೊದಲು ಸೀಳ್ದೆ, ಆಮೇಲೆ ಹೊಲಿಯೋಕೆ ಹೊರಟೆ."

"ಗೋಡೆಗೂ ಬಟ್ಟೆಗೂ ಎಲ್ಲಿಂದೆಲ್ಲಿಗಕ್ಕಾ?" ಎಂದು ಅವನು ನಕ್ಕ. ನಗು ಅರ್ಧಕ್ಕೇ ನಿಂತಿತು. ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದ. "ಇಟ್ಟಿಗೆ ಅಂದ್ಕೊಂಡು ಅವಸರ ಪಟ್ಟೆ. ತಪ್ಪು ನಂದೇ."

ಬಿಲದ ನಡುವೆ ಆಸರೆಗೆಂದು ಮತ್ತೆ ಕಲ್ಲು, ಮಣ್ಣು ತುಂಬಿ, ಅದರ ಸುತ್ತ ಇಟ್ಟಿಗೆ, ಸಿಮೆಂಟಿನಿಂದ ಗಟ್ಟಿ ಅಂಚು ಕಟ್ಟಿದ. ಮೇಲೆ ಒಳಗಿನಿಂದ ಒಂದು, ಹೊರಗಿನಿಂದ ಒಂದು ಚಪ್ಪಡಿ ಕಲ್ಲು ಕೂರಿಸಿದ. ಅಂಚು ಗಟ್ಟಿಯಾಗುವವರೆಗೆ ನಡುವೆ ತುಂಬಿದ ಕಲ್ಲುಮಣ್ಣನ್ನು ಮುಟ್ಟಲಿಲ್ಲ. ನಾದಿನಿ ಹತ್ತು ದಿನ, ಗೊಣಗುತ್ತಲೇ, ಅಂಚಿಗೆ ನೀರು ಹಾಕಿದರು. ಹನ್ನೊಂದನೆಯ ಬೆಳಿಗ್ಗೆ ಮೇಸ್ತ್ರಿ ನಡುವಿನದನ್ನು ಬಿಚ್ಚಿದ. ಒಂದು ಕಲ್ಲೂ ಜಾರಲಿಲ್ಲ. ಅಂಚು ದಪ್ಪವಾದ್ದರಿಂದ ಕಿಟಕಿ ಅಂದುಕೊಂಡದ್ದರ ಅರ್ಧದಷ್ಟಾಗಿತ್ತು. ಅದರೊಳಗಿಂದ ಬಿಸಿಲು ನೇರ ಬಂದು ಮಿಷನ್ನಿನ ಸೂಜಿಯ ಮೇಲೆ ಕೂತಿತು.

ಟೈಲರಮ್ಮ ಎರಡು ಉಂಡೆ ದಾರ ಎತ್ತಿ ಹಿಡಿದರು. "ಇದು ಕಪ್ಪು. ಇದು ನೀಲಿ." ಸೂಜಿ ಪೋಣಿಸಲು ಮಾತ್ರ ಮತ್ತೆ ನನ್ನತ್ತ ಚಾಚಿದರು. ಬೆಳಕಿನಿಂದ ಕಣ್ಣೇನೂ ಹೊಸದಾಗುವುದಿಲ್ಲ.

ಈಗ ಅವರು ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ, ಬಿಸಿಲು ಮಿಷನ್ನಿನ ಮೇಲಿರುವಷ್ಟು ಹೊತ್ತು ಹೊಲಿಯುತ್ತಾರೆ. ನಾದಿನಿ ಅಂಗಡಿ ತೆರೆಯುವ ಮೊದಲು ಹತ್ತು ಸೂಜಿ ಪೋಣಿಸಿಟ್ಟಿರುತ್ತಾರೆ. ಹನ್ನೊಂದರ ನಂತರ ಬಂದವರಿಗೆ ಟೈಲರಮ್ಮ, ನಾಳೆ ಬನ್ನಿ ಎನ್ನುತ್ತಾರೆ.