ಗಂಟೆ ಹೊಡೆಯುವ ಓತಾಕಿ

ಜಪಾನಿನ ಮಕ್ಕಳೆಲ್ಲ ಓದಲೇಬೇಕೆಂದು ಮೇಜಿ ಚಕ್ರವರ್ತಿಯ ಆಜ್ಞೆಯೇನೋ ಇತ್ತು. ಆದರೆ ನಮ್ಮ ಹಳ್ಳಿಯ ಮಕ್ಕಳು ಶಾಲೆಗೆ ಬರುತ್ತಿದ್ದುದು ಶಾಲೆಯ ಆಯಾ ಓತಾಕಿಗೆ ಹೆದರಿ. ಬೆಳಿಗ್ಗೆ ಗಂಟೆ ಹೊಡೆದವಳೇ ಹಿಪ್ಪುನೇರಳೆ ತೋಟಗಳಿಗೆ ನುಗ್ಗಿ, ಸೊಪ್ಪು ಕೊಯ್ಯುವ ಹುಡುಗಿಯರನ್ನು ದರದರ ಎಳೆದು ತರುತ್ತಿದ್ದಳು.

"ಕೂಸನ್ನ ಯಾರು ನೋಡ್ಕೋತಾರೆ, ನಿಮ್ಮಪ್ಪನಾ?" ಎಂದು ತಾಯಂದಿರು ರೇಗುತ್ತಿದ್ದರು.

"ನಮ್ಮಪ್ಪ ಸತ್ತ. ನಾನಿದೀನಲ್ಲ, ಕೊಡೇ ಇಲ್ಲಿ!" ಎಂದು ಕೂಸನ್ನು ಕಿತ್ತು ತನ್ನ ಬೆನ್ನಿಗೆ ಕಟ್ಟಿಕೊಳ್ಳುತ್ತಿದ್ದಳು.

ಶಾಲೆಗೆ ಇಪ್ಪತ್ತೈದು ವರ್ಷ ತುಂಬಿದಾಗ, ಸನ್ಮಾನ ಮಾಡುವುದಾದರೆ ಅವಳಿಗೇ ಎಂದು ಮೇಷ್ಟ್ರಾದ ನಾನು ಹಟ ಹಿಡಿದೆ. ಮೊದಲ ಶಾಲೆಯನ್ನು ತೆರೆದ ತಿಂಗಳಲ್ಲೇ ಊರಿನವರು ಸುಟ್ಟಿದ್ದರು.

"ಆ ದಡ್ಡ ಮುಂಡೇವು ಯಾರಜ್ಜಿ? ನಿನಗೆ ಗೊತ್ತಿರ್ಬೇಕಲ್ಲ?" ಎಂದು ನಗುತ್ತ ಕೇಳಿದೆ.

"ಮೊದಲು ಬೆಂಕಿ ಇಟ್ಟೋಳು ನಾನೇ, ಮೇಷ್ಟ್ರೇ."

ನನ್ನ ನಗು ಅಲ್ಲೇ ಸತ್ತಿತು.

"ಶಾಲೇಲಿ ಮಕ್ಕಳ ರಕ್ತ ಹಿಂಡ್ತಾರೆ ಅಂತ ಊರೆಲ್ಲ ಹೇಳ್ತು, ನಂಬ್ಬಿಟ್ಟೆ. ನನ್ನ ಮಗಳು ಮಿತ್ಸು ಹದಿನೈದು ದಿನ ಹೋಗಿದ್ಲು. ತನ್ನ ಹೆಸರು ಬರೆಯೋದೊಂದೇ ಕಲಿತಿದ್ಲು."

ಹನ್ನೆರಡನೇ ವಯಸ್ಸಿಗೆ ಮಿತ್ಸುವನ್ನು ದೂರದ ರೇಷ್ಮೆ ಗಿರಣಿಗೆ ಕಳಿಸಿದ್ದರು. ಎರಡನೇ ಚಳಿಗಾಲಕ್ಕೆ ಅವಳ ಬೂದಿ ಬಂತು.

"ಅದಕ್ಕೆ ಮುಂಚೆ ಮೂರು ಕಾಗದ ಬಂದಿತ್ತು," ಓತಾಕಿ ಬೆನ್ನಿನ ಕೂಸನ್ನು ತಟ್ಟುತ್ತ ಹೇಳಿದಳು. "ದೇವಸ್ಥಾನದ ಗುರುಗಳ ಹತ್ರ ಓದಿಸ್ದೆ. ಹಾಳೆ ತುಂಬ ಬರೀ ಮಿತ್ಸು, ಮಿತ್ಸು, ಮಿತ್ಸು ಅಂತಿತ್ತು. ಚೆನ್ನಾಗಿದಾಳೆ ಅಂದ್ಕೊಂಡು ಸುಮ್ಮನಾದೆ."