ಟೇಲರ್ ಕಾಕಾನ ಕೊನೆಯ ಹತ್ತು ನಿಮಿಷ

ಹೋದ ವಾರ ಪರಿಚಯದವರೊಬ್ಬರು ನನ್ನ ಮೊಬೈಲಿಗೆ ಒಂದು ವಿಡಿಯೋ ಕಳಿಸಿದರು. ತೂರಾಡುವ ಕುಡುಕನ ಚಿತ್ರ, ಅದರ ಮೇಲೆ ‘ಟೆನ್ಶನ್ ಇದ್ದರೆ ಕೇಳಿ’ ಎಂಬ ಬರಹ. ಒತ್ತಿದೆ. ಹಳೆಯ ಕ್ಯಾಸೆಟ್ಟಿನ ಸರಸರ ಸದ್ದು, ಅದರ ಹಿಂದಿನಿಂದ ಖಾನಾಪುರದ ಟೇಲರ್ ಕಾಕಾನ ದನಿ! ಸತ್ತು ಇಷ್ಟು ವರ್ಷವಾದ ಮನುಷ್ಯ ನನ್ನ ಅಂಗೈಯಲ್ಲಿ ಮಾತಾಡುತ್ತಿದ್ದ. ವಿಡಿಯೋ ಮುಗಿದದ್ದು, ಹಿಂದೊಮ್ಮೆ ನಾನೇ ಕತ್ತರಿಸಿದ ಜಾಗದಲ್ಲಿ. ಮೊಬೈಲು ಎತ್ತಿ ಗೋಡೆಗೆ ಬಡಿಯಬೇಕೆನಿಸಿತು.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಬೆಳಗಾವಿಯಲ್ಲಿ ನನ್ನದೊಂದು ಕ್ಯಾಸೆಟ್ ಅಂಗಡಿ ಇತ್ತು. ಕೈಗಾಡಿಯಿಂದ ಶುರುಮಾಡಿ ಸ್ವಂತ ಅಂಗಡಿಗೆ ಬಂದವನು ನಾನು; ಹೇಳಿದ ಬೆಲೆಗೆ ಎಂದೂ ಏನನ್ನೂ ಕೊಂಡವನಲ್ಲ. ಹಾಸ್ಯ ಭಾಷಣಗಳು ಬಿಸಿ ಬಿಸಿ ಭಜಿಯಂತೆ ಹೋಗುತ್ತಿದ್ದ ಕಾಲ. ಕಾಕಾ ಖಾನಾಪುರದ ಸ್ಟೇಶನ್ ರಸ್ತೆಯಲ್ಲಿ ಹೊಲಿಗೆ ಮಾಡುತ್ತಿದ್ದರು. ಗಣಪತಿ ಮಂಡಳಿಯವರು ಕರೆದರೆ ಕೊರಳಲ್ಲಿನ ಅಳತೆ ಟೇಪನ್ನೂ ತೆಗೆಯದೆ ಹೋಗಿ, ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಎಲ್ಲರನ್ನೂ ನಗಿಸಿ ಬರುತ್ತಿದ್ದರು.

ಜಾಂಬೋಟಿಯ ಮಂಡಳಿಯಲ್ಲಿ ನಾನು ಅವರ ಮಾತು ರೆಕಾರ್ಡ್ ಮಾಡಿಸಿದೆ. ಹೊರಗೆ ಜಡಿಮಳೆ, ಕೇಳುವವರು ಬೆರಳೆಣಿಕೆಯಷ್ಟು. ನಮ್ಮ ಮನೆಯಲ್ಲಿ ಒಬ್ಬ ಕುಡುಕನಿದ್ದ ಎಂದು ಕಾಕಾ ಶುರು ಮಾಡಿದರು. ಅವನು ಕುಡಿದು ಕೊಟ್ಟಿಗೆಯಲ್ಲಿ ಎಮ್ಮೆಯ ಬಾಜೂ ಮಲಗಿ, ಅದರ ಬಾಲ ಹಿಡಿದು, ಏನಿದು, ಇಷ್ಟುದ್ದ ಜಡೆ ಯಾವಾಗ ಬಿಟ್ಟೆ ಎಂದು ಹೆಂಡತಿಯನ್ನು ವಿಚಾರಿಸುವಂತೆ ವಿಚಾರಿಸುತ್ತಾನೆ. ಜನ ಹೊಟ್ಟೆ ಹಿಡಿದುಕೊಂಡರು. ಒಂದು ತಾಸು ಹೀಗೇ ಹೋಯಿತು. ಆಮೇಲೆ ಕಾಕಾ ಹೇಳಿದರು:

“ಆ ಕುಡುಕ ಬ್ಯಾರೆ ಯಾರೂ ಅಲ್ರಿ, ನಾನ. ದಿನಾ ಮುಂಜಾನೆ ನನ್ನನ್ನ ಹೆಗಲ ಮ್ಯಾಲೆ ಹೊತ್ತು ಮನೀಗೆ ತರತಿದ್ದಾಂವ ನನ್ನ ತಮ್ಮ.”

ಉಳಿದ ಹತ್ತು ನಿಮಿಷ ಯಾರೂ ಕೆಮ್ಮಲಿಲ್ಲ. ಕಣ್ಣೊರೆಸಿಕೊಂಡವರನ್ನು ನಾನೇ ನೋಡಿದ್ದೇನೆ.

ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಬೇರೆಯೇ. ಮೂಲ ಇದ್ದದ್ದು ತೊಂಬತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ. ಮಾರುವುದಕ್ಕೆ ಅರವತ್ತರದ್ದು ಅಗ್ಗ. ನಗಲು ಕೊಳ್ಳುವವನಿಗೆ ಅಳು ಯಾಕೆ? ಆ ಹತ್ತು ನಿಮಿಷ ಕತ್ತರಿಸಿ, ಎಮ್ಮೆಯ ಪ್ರಸಂಗವನ್ನು ಕೊನೆಗೆ ತಂದು, ನಗುವಿನ ಮೇಲೆಯೇ ಮುಗಿಸಿದೆ. ಟೆಂಪೋಗಳಲ್ಲಿ, ಚಹಾದಂಗಡಿಗಳಲ್ಲಿ ಕಾಕಾನ ಮಾತೇ ಮಾತು.

ಕಾಕಾ ಕುಡಿತ ಬಿಟ್ಟಾದ ಮೇಲೇ ಅಣ್ಣತಮ್ಮಂದಿರು ಖಾನಾಪುರಕ್ಕೆ ಬಂದವರು. ಹಳೆಯ ಸಂಗತಿ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮನೆಯಲ್ಲಿದ್ದ ಗಂಡಸರು ಇಬ್ಬರೇ. ತಮ್ಮನೋ ಮಚ್ಛೆಯ ಫೌಂಡ್ರಿಯಲ್ಲಿ ಕೆಲಸಕ್ಕಿದ್ದ, ಭಟ್ಟಿಯ ಝಳಕ್ಕೆ ಕಣ್ಣು ಸದಾ ಕೆಂಪು. ಜನಕ್ಕೆ ಮತ್ತೇನು ಬೇಕು? ಕ್ಯಾಸೆಟ್ಟಿನ ಕುಡುಕ ಇವನೇ ಎಂದುಕೊಂಡರು. ಶೇಂದಿಯ ವಾಸನೆಯನ್ನೂ ಕಾಣದವನನ್ನು ನಿಲ್ಲಿಸಿ, ಎಮ್ಮೆಗೆ ಜಡೆ ಹೆಣೆದೆಯಾ ಎಂದು ಕೇಳತೊಡಗಿದರು. ಫೌಂಡ್ರಿಯಲ್ಲೂ ಅದೇ, ರೈಲಿನಲ್ಲೂ ಅದೇ. ಅವನು ಹೆಂಡತಿ ಮಕ್ಕಳನ್ನು ಕರೆದುಕೊಂಡು ದೇಸೂರಿಗೆ ಹೋಗಿಬಿಟ್ಟ. ಅಣ್ಣ ಹೋದರೆ ಬಾಗಿಲು ತೆಗೆಯಲಿಲ್ಲ.

ಕಾಕಾ ನನ್ನ ಅಂಗಡಿಗೆ ಬಂದರು.

“ಸಾವ್ಕಾರ್ರ, ಕೊನೀದು ಸೇರಿಸಿ ಇನ್ನೊಂದ ಕ್ಯಾಸೆಟ್ ಬಿಡ್ರಿ. ನನ್ನ ಮನಿ ಒಡೀಲಿಕ್ಕತ್ತೈತಿ.”

ಇದ್ದ ಮಾಲು ಖಾಲಿಯಾಗಲಿ, ನೋಡೋಣ ಎಂದೆ. ಖರೇ ಸಂಗತಿ ಎಂದರೆ ಮೂಲ ಆಗಲೇ ಹಾಳಾಗಿತ್ತು. ಮತ್ತೆ ರೆಕಾರ್ಡ್ ಆಗಿ ಅಳಿಸದಂತೆ ಮುರಿದಿಟ್ಟಿದ್ದ ಕ್ಯಾಸೆಟ್ಟಿನ ಅಂಚಿನ ಪುಟ್ಟ ಪ್ಲಾಸ್ಟಿಕ್ ಕಿವಿಯ ಜಾಗಕ್ಕೆ ಸೆಲೋಟೇಪು ಅಂಟಿಸಿ, ಅದರ ಮೇಲೆ ಯಾವುದೋ ಭಜನೆ ತುಂಬಿಸಿದ್ದೆ. ಹೊಸ ಕ್ಯಾಸೆಟ್ ಉಳಿಸಿದ ಜಾಣ ನಾನು! ಅದನ್ನು ಅವರಿಗೆ ಹೇಳುವ ಧೈರ್ಯವಿರಲಿಲ್ಲ. ಮೂರು ಸಲ ಬಂದರು, ಮೂರು ಸಲವೂ ಚಹಾ ಕುಡಿಸಿ ಕಳಿಸಿದೆ. ಅವರಾದರೂ ಒಮ್ಮೆ ಕೊರಳಪಟ್ಟಿ ಹಿಡಿದು ಕೇಳಬಾರದಿತ್ತೇ... ಆಮೇಲೆ ಕಾಕಾ ಯಾವ ಮಂಡಳಿಗೂ ಹೋಗಲಿಲ್ಲ. ಎರಡು ಮಳೆಗಾಲ ಕಳೆಯುವುದರೊಳಗೆ ತೀರಿಕೊಂಡರು.

ವ್ಯಾಪಾರ ಮಾಡುವವರಿಗೆ ಇಷ್ಟೇ ಹೇಳುತ್ತೇನೆ: ಬಟ್ಟೆ ಕತ್ತರಿಸಿ ಮಾರಿ, ಬೆಲ್ಲ ಒಡೆದು ಮಾರಿ, ಮನುಷ್ಯನ ಮಾತನ್ನು ಮಾತ್ರ ತುಂಡು ಮಾಡಿ ಮಾರಬೇಡಿ. ಮುಂದೇನಾಯಿತು ಎಂದು ಕೇಳದೆ ಹಲ್ಲು ಕಿರಿದು ಮತ್ತೊಬ್ಬರಿಗೆ ದಾಟಿಸುವವರ ಮೇಲೂ ನನಗೆ ಸಿಟ್ಟಿದೆ. ಆದರೆ ಕತ್ತರಿ ಹಿಡಿದಿದ್ದ ಕೈ ನನ್ನದು.

ವಿಡಿಯೋ ನೋಡಿದ ಮರುದಿನವೇ ದೇಸೂರಿಗೆ ಹೋದೆ. ತಮ್ಮ ಈಗ ಮುದುಕ. ಕತ್ತರಿಸಿದವನು ನಾನೇ ಎಂದು ಒಪ್ಪಿಕೊಂಡೆ, ಕಾಕಾ ಕೊನೆಗೆ ಏನು ಹೇಳಿದ್ದರೆಂದು ಶುರುಮಾಡಿದೆ. ಆತ ಕೈಯೆತ್ತಿ ತಡೆದ.

“ನನಗ ಹೇಳ್ತೀರೇನ್ರಿ? ಆವತ್ತ ಜಾಂಬೋಟಿಗೆ ಅಣ್ಣನ ಜೋಡಿ ನಾನೂ ಬಂದಿದ್ನಿ. ಪೂರಾ ಕೇಳೀನಿ.”

ಮತ್ತೆ ಬಾಗಿಲು ಯಾಕೆ ತೆಗೆಯಲಿಲ್ಲ ಎಂದು ಕೇಳಿದೆ.

“ನಕ್ಕಾವ್ರು ಊರ ಮಂದಿ, ಕತ್ತರಿಸಿದಾವ್ರು ನೀವು. ಸಿಟ್ಟ ಮಾಡಾಕ ಯಾರ ಸಿಕ್ಕಿದ್ರು ಹೇಳ್ರಿ ನನಗ? ಬಾಗಿಲದಾಗ ಬಂದು ನಿಂತಾಂವ ಅಣ್ಣ ಒಬ್ಬನ.”